ದೂರದ ದಾರಿ ಕುದಿಯಬಾರದು

ಕಂಪ್ಯೂಟರ್ ಆಟದಲ್ಲಿ ಎಲ್ಲರೂ ವೈರಿಯನ್ನು ಹುಡುಕುತ್ತಾರೆ. ನಮ್ಮ ಅಕ್ಕೋರು ನೆಲ ನೋಡುತ್ತಿದ್ದರು. ಹಿಂದಿನಿಂದ ಒಬ್ಬ ಕತ್ತಿ ಹಿರಿದು ಬರುತ್ತಿದ್ದಾನೆ, ಇವರು ಹಾಸುಗಲ್ಲಿನ ಸಂದಿ ನೋಡುತ್ತ ನಿಂತಿದ್ದಾರೆ. ಅವನು ಹೊಡೆದ, ಇವರು ಬಿದ್ದರು. "ಹೋಗ್ಲಿ ಬಿಡೋ, ಮತ್ತ ಏಳ್ತೇನಿ" ಎಂದು ನಕ್ಕು, ಎದ್ದವರೇ ಮತ್ತೆ ಅದೇ ಕಲ್ಲಿನ ಮುಂದೆ. ಈ ಬೇಸಿಗೆ ಏರುವ ಹೊತ್ತಿಗೆ ಅಕ್ಕೋರು ಹೋದರು. ಮತ್ತೆ ಏಳಲಿಲ್ಲ.

ಆಳಂದದ ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಕಲಿಸಿದವರು ಅವರು. ನಾನು ಈಗ ಅದೇ ಊರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಶಿಷ್ಯ ದೊಡ್ಡ ಚಿತ್ರಗಾರನಾದ ಎಂದು ಹೇಳಿಕೊಳ್ಳುವ ಭಾಗ್ಯ ಅವರಿಗೆ ನನ್ನಿಂದ ಬರಲಿಲ್ಲ. ಆದರೆ ಚಿತ್ರ ನೋಡುವುದನ್ನು ಅವರು ನನಗೆ ಎರಡು ಸಲ ಕಲಿಸಿದರು. ಒಮ್ಮೆ ಸಾಲಿಯಲ್ಲಿ, ಇನ್ನೊಮ್ಮೆ ನನ್ನ ತಲೆ ನರೆಯಲು ಹತ್ತಿದ ಮೇಲೆ.

ಸಾಲಿಯಲ್ಲಿ ಅವರದು ಒಂದೇ ಮಂತ್ರ: "ಹತ್ತಿರ ಎಲಿ, ದೂರ ಹೊಲ." ತೊಗರಿ ಹೊಲ ಬಿಡಿಸಿ ಎಂದರೆ ನಾನು ಹಾಳೆಯ ಈ ದಂಡೆಯಿಂದ ಆ ದಂಡೆಯವರೆಗೆ ಒಂದೊಂದು ಗಿಡಕ್ಕೂ ಎಲೆ ಕೂಡಿಸುತ್ತಿದ್ದೆ. ಅಕ್ಕೋರು ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು.

"ಲೇ, ನಿಂಬರ್ಗಾದಾಗಿನ ಗಿಡದ ಎಲಿ ಇಲ್ಲಿಂದ ಕಾಣತಾವೇನು ನಿನಗ? ಅವು ಕಣ್ಣೋ ದುರ್ಬೀನೋ?"

"ಎಲಿ ಅದಾವಲ್ರಿ ಅಕ್ಕೋರೇ, ಅದಕ್ಕ ಬರದೇನಿ."

"ಅದಾವ ಖರೆ. ಇಲ್ಲಿಂದ ಕಾಣಂಗಿಲ್ಲ ಅನ್ನೋದೂ ಖರೆ. ಕಣ್ಣಿಗಿ ಕಂಡಷ್ಟ ಬರಿ, ತಲ್ಯಾಗಿದ್ದದ್ದು ಬರೀಬ್ಯಾಡ."

ಇನ್ನೊಂದು ಪದ್ಧತಿ ಅವರದು. ಹಾಳೆಯ ಮೂಲೆಯಲ್ಲಿ ಹೆಸರು ಬರೆದು, ಆ ಮೂಲೆಯನ್ನು ಮಡಚಿಯೇ ಕೊಡಬೇಕು. ಮಾರ್ಕು ಹಾಕಿ ಮುಗಿಯುವ ತನಕ ಅದನ್ನು ಬಿಚ್ಚುತ್ತಿರಲಿಲ್ಲ. ಯಾಕ್ರೀ ಎಂದು ಕೇಳಿದರೆ, "ಹೆಸರು ಕಂಡ್ರ ಕಣ್ಣು ಲಂಚ ತಿಂತದ" ಅನ್ನುತ್ತಿದ್ದರು. ನಮ್ಮಜ್ಜಿ ಜ್ವಾಳ ಹಸನು ಮಾಡುತ್ತ "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎಂಬ ಗಾದೆ ಹೇಳುತ್ತಿದ್ದಳು. ಆ ಗಾದೆಯನ್ನು ಕಾಗದದ ಮೂಲೆಯಲ್ಲಿ ಮಡಚಿಟ್ಟವರು ಅಕ್ಕೋರು.

ನಿವೃತ್ತರಾಗಿ, ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ದಿನ ಅಂಗಡಿಗೆ ಬಂದರು. ಮೊಣಕಾಲು ಹಿಡಿದಿದ್ದವು, ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ "ಯಪ್ಪಾ, ಬಸವಾ" ಅನ್ನುತ್ತಿದ್ದರು. ಗಿರಾಕಿಗಳಿಗೆ ತೋರಿಸಲೆಂದು ನಾನು ಪರದೆಯ ಮೇಲೆ ಒಂದು ಆಟ ಬಿಟ್ಟಿದ್ದೆ. ಬಯಲು ಸೀಮೆ, ನಡುವೆ ಒಂದು ಕಲ್ಲುದಾರಿ, ದೂರದಲ್ಲಿ ಗುಡ್ಡ. ಅಕ್ಕೋರು ಹೊಸ ಕಣ್ಣಿನಿಂದ ಅದನ್ನೇ ನೋಡಿದರು.

"ಈ ದಾರಿ ಎಲ್ಲಿಗಿ ಹೋಗ್ತದೋ?"

"ನೀವು ಎಲ್ಲಿಗಿ ಅಂತೀರಿ ಅಲ್ಲಿಗಿ ಹೋಗ್ತದ್ರಿ."

"ಮೊಣಕಾಲು ಬ್ಯಾನಿ ಬರಂಗಿಲ್ಲಲ್ಲ?"

"ಇಲ್ರಿ."

"ಹಂಗಾರ ನನಗೊಂದು ಕೊಡು."

ಹೀಗೆ ಅಕ್ಕೋರ ತಿರುಗಾಟ ಶುರುವಾಯಿತು. ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಕಂಟ್ರೋಲರ್ ಅನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು, ಊರೂರು ತಿರುಗುತ್ತಿದ್ದರು. ಆಟ ಕುದುರೆ ಕೊಟ್ಟರೂ ಹತ್ತುತ್ತಿರಲಿಲ್ಲ. "ಕುದುರಿ ಮ್ಯಾಲ ಕುಂತ್ರ ದಾರಿ ಕಾಣಂಗಿಲ್ಲ" ಎಂದು ನಡೆದೇ ಹೋಗುತ್ತಿದ್ದರು.

ಇನ್ನು ನಮ್ಮ ಜಗಳದ ಮಾತು ಹೇಳಬೇಕು. ಅದಿಲ್ಲದೆ ಅಕ್ಕೋರು ಪೂರ್ತಿ ತಿಳಿಯುವುದಿಲ್ಲ.

ಅಂಗಡಿಯನ್ನು ಮೊದಲು ನಾನು ಮತ್ತು ನಮ್ಮ ಕಾಕಾನ ಮಗ ಕೂಡಿ ನಡೆಸುತ್ತಿದ್ದೆವು. ನನಗಿಂತ ಸಣ್ಣವನು, ಅವನೂ ಅಕ್ಕೋರ ಶಿಷ್ಯನೇ. ನಮ್ಮ ಕಡೆಯ ಮಾತಿನಲ್ಲೇ ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ಸಣ್ಣ ಸಣ್ಣ ವಿಡಿಯೋ ಮಾಡಿ ಬಿಡುತ್ತಿದ್ದೆವು. ಕಂಪ್ಯೂಟರಿನೊಳಗೆ ಕೂತು ಆಟದ ಚಿತ್ರ ಬಿಡಿಸುವುದು ಈ ಕಾರ್ಡು. ಒಂದಕ್ಕೊಂದು ಪೈಪೋಟಿಯ ಎರಡು ಕಂಪನಿಗಳ ಕಾರ್ಡು ತಂದು, ಒಂದೇ ಆಟದ ಒಂದೇ ಜಾಗವನ್ನು ಎರಡರಲ್ಲೂ ತೋರಿಸಿ, ಯಾವುದರ ಚಿತ್ರ ಚೆಂದ ಅಂತ ಹೇಳುವುದು ನಮ್ಮ ಕಸುಬು. ಕಂಪನಿಗಳ ಹೆಸರು ಇಲ್ಲಿ ಬೇಡ. ನನ್ನ ಕಾರ್ಡು, ತಮ್ಮನ ಕಾರ್ಡು ಅಂತೇನೆ.

ಆಟದ ನೆಲವೆಂದರೆ ಒಂದು ಚಿತ್ರವನ್ನು ಚಾಪೆಯಂತೆ ಹಾಸಿರುವುದು. ಕಾಲಡಿಯಲ್ಲಿ ಹರಳು ಹರಳಾಗಿ ಕಾಣುತ್ತದೆ. ದೂರ ಹೋದಷ್ಟೂ ಪರದೆಯ ಒಂದೊಂದು ಚುಕ್ಕಿಯಲ್ಲಿ ನೂರಾರು ಹರಳು ಅಡಗಬೇಕು. ಅವನ್ನೆಲ್ಲ ಹದವಾಗಿ ಬೆರೆಸಿ ಒಂದು ಬಣ್ಣ ಮಾಡುವ ಕೆಲಸಕ್ಕೆ ಟೆಕ್ಸ್ಚರ್ ಫಿಲ್ಟರಿಂಗ್ ಅಂತ ಹೆಸರು. ಹಿಟ್ಟಿಗೆ ಸಾಣಿಗೆ ಹಿಡಿದಂತೆ ಅನ್ನಿ. ಸಾಣಿಗೆ ಸರಿ ಇದ್ದರೆ ದೂರದ ದಾರಿ ಮೆತ್ತಗೆ ಮಲಗಿರುತ್ತದೆ. ಕೆಲಸ ಉಳಿಸಲೆಂದು ಕಾರ್ಡು ನೂರರಲ್ಲಿ ನಾಲ್ಕೇ ಹರಳು ಹೆಕ್ಕಿಕೊಂಡರೆ, ನಾವು ನಡೆದಂತೆ ಹೆಕ್ಕಿದ ಹರಳು ಬದಲಾಗುತ್ತ, ದೂರದ ದಾರಿ ಒಲೆಯ ಮೇಲಿನ ಎಸರಿನಂತೆ ಕುದಿಯುತ್ತದೆ.

ಇದನ್ನು ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ. ಆವತ್ತು ಇದೇ ಮಾತಿಗೆ ಮನೆ ಒಡೆಯಿತು. ನಾನು ಎರಡೂ ಕಾರ್ಡಿನ ಒಂದೊಂದು ಚಿತ್ರ ಹಿಡಿದು ಅಕ್ಕಪಕ್ಕ ಇಟ್ಟೆ. ನನ್ನ ಕಾರ್ಡಿನ ದಾರಿಯಲ್ಲಿ ದೂರದ ಕಲ್ಲೂ ಚೂಪಾಗಿ ಕಾಣುತ್ತಿತ್ತು. ಇನ್ನೊಂದರಲ್ಲಿ ಮಸುಕು.

"ಅಣ್ಣ, ಇದು ಬಿಡಬ್ಯಾಡ" ಅಂದ ತಮ್ಮ. "ಈ ಕಾರ್ಡಿನ್ಯಾಗ ದಾರಿ ಕುದೀತದ."

"ಎಲ್ಲಿ ಕುದೀತದಲೇ? ನೋಡು, ಹರಳು ಹರಳು ಎದ್ದು ಕಾಣಾಕತ್ತಾವ."

"ಚಿತ್ರದಾಗ ಕಾಣಂಗಿಲ್ಲ ಅದು."

"ಚಿತ್ರದಾಗ ಕಾಣದ್ದು ಮತ್ತ ಎಲ್ಲಿ ಕಾಣತದ, ನಿನ್ನ ಕನಸಿನ್ಯಾಗೇನು?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆ ನಾನು ಅವನಿಗೆ ಕಣ್ಣಿಲ್ಲ ಅಂದೆ, ಅವನು ನನ್ನದು ಲಬಾಡಿ, ಬರೀ ಮೋಸ ಅಂದ. ತಿಂಗಳೊಪ್ಪತ್ತಿನಲ್ಲಿ ಅಫಜಲಪುರಕ್ಕೆ ಹೋಗಿ ಬೇರೆ ಅಂಗಡಿ ಹಾಕಿದ. ನಾನು ಮಾರುವ ಕಾರ್ಡು ಅವನು ಮಾರುವುದಿಲ್ಲ, ಅವನದು ನಾನು ಮುಟ್ಟುವುದಿಲ್ಲ. ಮದುವೆ ಊಟದಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು. ಅವನವ್ವ, ನಮ್ಮ ಕಾಕು, ನಡುವೆ ನಿಂತು ಹೋಳಿಗೆ ಬಡಿಸುತ್ತ ಇಬ್ಬರಿಗೂ ಕೇಳಿಸುವಂತೆ ಉಸಿರು ಬಿಡುತ್ತಿದ್ದಳು. ಅವಳ ಮಗ ನನ್ನ ಮನೆಯ ಹೊಸ್ತಿಲು ತುಳಿಯದೆ ವರ್ಷಗಳಾಗಿದ್ದವು.

ಅಕ್ಕೋರು ಇಷ್ಟೇ ಅಂದರು: "ನಿಂತ ಚಿತ್ರ ಒಂದಕ್ಕ ಎರಡು ಅಂಗಡಿ ಮಾಡಿದ್ರಲ್ಲೋ." ಅಂದು, ಸುಮ್ಮನೆ ಕೂಡದೆ ಒಂದು ಕೆಲಸ ಮಾಡಿದರು. ಆ ದಿನ ಕೇಳಿದ ಕಂಪ್ಯೂಟರನ್ನು ನನ್ನಿಂದ ಜೋಡಿಸಿಕೊಂಡರು, ಕಾರ್ಡನ್ನು ಮಾತ್ರ ಅವನಿಂದ ತರಿಸಿ ಕೂಡಿಸಿದರು. ಕೆಟ್ಟಾಗ ಇಬ್ಬರಿಗೂ ಫೋನು. "ಡಬ್ಬಿ ನಿಂದು, ಕಾರ್ಡು ಅವನದು. ಯಾರದು ಕೆಟ್ಟದಂತ ಇಬ್ಬರೂ ಕೂಡಿ ನೋಡ್ರಿ." ನಾವು ಕೂಡಿ ಬರುತ್ತಿರಲಿಲ್ಲ. ನಾನು ಮುಂಜಾನೆ ಹೋಗಿ ಡಬ್ಬಿ ಸರಿ ಅದ ಅನ್ನುತ್ತಿದ್ದೆ, ಅವನು ಸಂಜೆ ಬಂದು ಕಾರ್ಡು ಸರಿ ಅದ ಅನ್ನುತ್ತಿದ್ದ. "ಎಲ್ಲಾ ಸರಿ ಅದ, ಕಂಪ್ಯೂಟರ್ ಅಷ್ಟ ನಡಿವಲ್ದು" ಎಂದು ಅಕ್ಕೋರು ಕೈ ಚೆಲ್ಲುತ್ತಿದ್ದರು.

ಹೀಗಿರುವಾಗ ಜೇವರ್ಗಿಯ ತೊಗರಿ ಅಡತಿ ಅಂಗಡಿಯ ಸಾವಕಾರರೊಬ್ಬರು ಹುಡುಗರಿಗೆಂದು ಗೇಮಿಂಗ್ ಹಾಲ್ ತೆರೆಯಲು ಹೊರಟರು. ಒಂದು ಹಾಲಿಗೆ ಸಾಕಾಗುವಷ್ಟು ಕಂಪ್ಯೂಟರ್ ಬೇಕು. ನಾನೂ ಹೋದೆ, ಅವನೂ ಬಂದ. ನನ್ನ ಕಾರ್ಡೇ ಚೆಂದ ಅಂತ ನಾನು, ತನ್ನದೇ ಅಂತ ಅವನು. ಸಾವಕಾರರು ನಗುತ್ತ ಅಂದರು: "ಮನಿ ಜಗಳ ನನ್ನ ಅಂಗಡಿಗಿ ತರಬ್ಯಾಡ್ರಿ. ಇಬ್ಬರೂ ಒಪ್ಪೋರು ಯಾರರೆ ಇದ್ರ ಕರಕೊಂಡು ಬರ್ರಿ. ಅವರು ಹೇಳಿದ್ದ ತೊಗೋತೇನಿ." ನಾವಿಬ್ಬರೂ ಒಟ್ಟಿಗೆ ಬಾಯಿ ಬಿಟ್ಟು ಒಂದೇ ಹೆಸರು ಹೇಳಿದೆವು. ಆ ದಿನ ನಾವು ಒಪ್ಪಿದ್ದು ಅದೊಂದನ್ನೇ.

ಅಕ್ಕೋರು ಬಂದರು. ಕೈಚೀಲದ ಬದಲು ಬಗಲಲ್ಲಿ ಎರಡು ಕೌದಿ.

"ಇದೇನ್ರಿ ಅಕ್ಕೋರೇ, ಮಲಗಾಕ ಬಂದೀರೇನು?" ಅಂದರು ಸಾವಕಾರರು.

"ಮೂಲಿ ಮಡಚಾಕ ಬಂದೇನಿ" ಅಂದರು ಅಕ್ಕೋರು.

ಸಾವಕಾರರಿಗೆ ತಿಳಿಯಲಿಲ್ಲ, ನಮಗೆ ತಿಳಿಯಿತು. ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿ, ನಾವು ತಂದಿದ್ದ ಎರಡೂ ಡಬ್ಬಿಗಳನ್ನು ತಮಗೆ ಬೇಕಾದ ಕಡೆ ಇರಿಸಿ, ಮೇಲೆ ಕೌದಿ ಹೊದಿಸಿದರು. ಪರದೆ ಎರಡೂ ಒಂದೇ ತರದವು. ಆಟವೂ ಒಂದೇ, ಜಾಗವೂ ಒಂದೇ. ಬಯಲಿನ ಆ ಕಲ್ಲುದಾರಿ. ಆಮೇಲೆ ಒಳಗೆ ಕರೆದರು. ಸುತ್ತಮುತ್ತಲಿದ್ದವರನ್ನೂ ಕರೆದರು: ತೊಗರಿ ಮಾರಲು ಬಂದ ಅಂದೋಲಾದ ರೈತರು, ಹಮಾಲರು, ಎದುರಿನ ಕಟಿಂಗ್ ಅಂಗಡಿಯವನು, ಒಬ್ಬ ಆಟೋದವನು.

"ಎರಡೂ ಕಡೆ ನಡದು ನೋಡ್ರಿ. ಯಾವ ದಾರಿ ಖರೆ ಅನಸ್ತದ ಹೇಳ್ರಿ" ಅಂದರು ಅಕ್ಕೋರು.

ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಒಳಗೆ ಜನ ಸರದಿಯಲ್ಲಿ ಕೂತು ಕಂಟ್ರೋಲರ್ ಒತ್ತಿದರು. ಎಡಗಡೆಯ ಪರದೆಯಲ್ಲಿ ದೂರದ ದಾರಿ ತಣ್ಣಗಿತ್ತು. ಬಲಗಡೆಯದರಲ್ಲಿ ಮಿಣಿಮಿಣಿ ಮಿನುಗುತ್ತ, ಕುಣಿಯುತ್ತ ಇತ್ತು. ಆಟೋದವನು ತೊಡೆ ತಟ್ಟಿಕೊಂಡ.

"ಇದು ನೋಡ್ರಿ ಖರೇ ದಾರಿ! ಅಫಜಲಪುರ ರೋಡ್ ಮ್ಯಾಲ ದಿನಾ ನೋಡ್ತೇನಿ. ಮಟಮಟ ಮಧ್ಯಾಹ್ನದಾಗ ಬಿಸಿಲ್ಗುದುರಿ ಹಿಂಗ ಕುಣೀತದ. ಈ ಎಡಗಡೀದು ಯಾವ ದೇಶದ ದಾರಿಯೋ ಏನೋ, ಸತ್ತಂಗ ಬಿದ್ದದ."

"ಹೌದು ಹೌದು, ಬಿಸಿಲು ಬಲಗಡೀದಕ್ಕ ಖರೆ ಬಂದದ" ಅಂದರು ರೈತರೊಬ್ಬರು.

ಒಬ್ಬರ ಹಿಂದೆ ಒಬ್ಬರು ಎಲ್ಲರೂ ಬಲಗಡೆಗೇ ಕೈ ತೋರಿಸಿದರು. ಕೌದಿಯ ಕೆಳಗೆ ಯಾವುದಿದೆ ಎಂದು ನನಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. ಚೂಪಾದ ಹರಳು ನನ್ನ ಕಾರ್ಡಿನವೇ. ನಾನು ಮೀಸೆ ಮೇಲೆ ಕೈ ಆಡಿಸಿದೆ. ತಮ್ಮ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಕಪ್ಪು ನೆಲದ ನಮ್ಮ ಸೀಮೆಯಲ್ಲಿ ಹುಟ್ಟಿ, ಏಪ್ರಿಲ್ ಮೇ ತಿಂಗಳ ದಾರಿ ನೋಡಿದ ಕಣ್ಣಿಗೆ ಕುದಿಯುವ ದಾರಿಯೇ ನಿಜದ ದಾರಿ. ಇದನ್ನು ತಪ್ಪು ಅನ್ನುವುದಾದರೂ ಹೇಗೆ?

ಅಕ್ಕೋರು "ತಡೀರಿ" ಅಂದರು. ಕುರ್ಚಿ ಎಳೆದುಕೊಂಡು ಬಲಗಡೆಯ ಪರದೆಯ ಮುಂದೆ ಕೂತರು. ಆಟದೊಳಗಿನ ಹವೆ ಬದಲಿಸಿದರು. ಮೋಡ ಕವಿಯಿತು, ಮಳೆ ಹಿಡಿಯಿತು. ಆ ಮಳೆಯಲ್ಲೇ ಅದೇ ದಾರಿಯಲ್ಲಿ ನಡೆದರು. ದೂರದ ದಾರಿ ಹಾಗೆಯೇ ಕುದಿಯುತ್ತಿತ್ತು.

"ಯಾಕೋ ತಮ್ಮಾ" ಎಂದು ಆಟೋದವನ ಕಡೆ ತಿರುಗಿದರು, "ಮಳ್ಯಾಗ ಯಾವ ಬಿಸಿಲ್ಗುದುರಿ?"

ಅವನು ತಲೆ ಕೆರೆದುಕೊಂಡ. ಅಕ್ಕೋರು ನಿಲ್ಲಲಿಲ್ಲ. ದಾರಿ ಪಕ್ಕದ ಹಳೆಯ ಗುಡಿಯೊಂದರ ಒಳಗೆ ಹೊಕ್ಕರು. ಕತ್ತಲೆ, ತಂಪು, ಉದ್ದನೆಯ ಹಾಸುಗಲ್ಲಿನ ನೆಲ. ಆಚೆ ತುದಿಯ ಕಲ್ಲುಗಳೂ ಮಿಣಿಮಿಣಿ ಕುಣಿದವು.

"ಅಯ್ಯ, ಗುಡಿಯಾಗೂ ಬಿಸಿಲ್ಗುದುರಿ ಬಂತಲ್ರೀ!" ಎಂದು ಆಟೋದವನೇ ಕೂಗಿದ. ಹಾಲ್ ತುಂಬ ನಗೆ. ಹಮಾಲರೊಬ್ಬರು, "ದೇವರಿಗಿ ಸೆಕಿ ಆಗ್ಯದ" ಅಂದರು. ನನ್ನ ಕೈ ಮೀಸೆಯಿಂದ ಇಳಿದದ್ದು ಯಾರೂ ನೋಡಲಿಲ್ಲ. ಅಕ್ಕೋರು ನೋಡಿದರು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಹಿರಿಯಾರು ಹೇಳ್ಯಾರ. ಈ ಕಾರ್ಡಿಗಿ ಅದೊಂದು ಗಾದಿ ಯಾರೂ ಹೇಳಿಲ್ಲ" ಅಂದರು. "ದೂರಿನ ಹೊಲದಾಗೂ ಎಲಿ ಬರೀಲಿಕ್ಕ ಹೋಗ್ತದ. ಥೇಟ್ ನಿನ್ನಂಗ."

ತಮ್ಮನ ಮುಖದ ಮೇಲೆ ನಗು ಮೂಡತೊಡಗಿತ್ತು. ಅಕ್ಕೋರು ಅವನನ್ನೂ ಬಿಡಲಿಲ್ಲ. ನಡೆಯುವುದನ್ನು ನಿಲ್ಲಿಸಿದರು. ಕುದಿ ತಟ್ಟನೆ ನಿಂತಿತು. ನಿಂತ ಪರದೆಯಲ್ಲಿ ದೂರದ ಕಲ್ಲಿನ ಒಂದೊಂದು ಅಂಚೂ ಚೂಪಾಗಿ ಕಾಣುತ್ತಿತ್ತು, ಎಡಗಡೆಯದಕ್ಕಿಂತ ಚೆಂದವಾಗಿ.

"ನೀ ನಗಬ್ಯಾಡ. ಇಲ್ಲಿ ಬಾ. ಇಬ್ಬರೂ ಬರ್ರಿ." ನಾವು ಅವರ ಕುರ್ಚಿಯ ಆಚೆ ಈಚೆ ನಿಂತೆವು, ಸಾಲಿಯಲ್ಲಿ ನಿಂತಂತೆ. "ನೋಡ್ರಿ. ನಿಮ್ಮಣ್ಣ ಹಾಕಿದ್ದ ಚಿತ್ರ ಖರೆ. ನೀ ಹೇಳಿದ ಕುದಿ ಖರೆ. ಅಂವ ನಿಂತು ನೋಡಿದ, ನೀ ನಡದು ನೋಡಿದಿ. ಇಬ್ಬರೂ ಸುಳ್ಳು ಹೇಳಿಲ್ಲ. ನಿಂತು ನೋಡಿದ್ರ ತಿಳಿಯಂಗಿಲ್ಲ ಅನ್ನೋದೊಂದ ತಿಳೀಲಿಲ್ಲ ನಿಮಗ. ಇದಕ್ಕ ಮಾತು ಬಿಡತಾರೇನೋ?"

ನಾನು ಬಾಗಿ, ಜಾರಿದ ಕೌದಿಯ ಅಂಚು ಸರಿಪಡಿಸಿದೆ.

"ಈಗ ಈ ಕುದಿ ಇಳಸಾಕ ಬರತದೋ ಇಲ್ಲೋ, ಅದು ಹೇಳ್ರಿ" ಅಂದರು.

ಬರುತ್ತದೆ. ಕಾರ್ಡಿನ ಒಳಗಿನ ಸೆಟ್ಟಿಂಗಿನಲ್ಲಿ ಫಿಲ್ಟರಿಂಗ್ ಅನ್ನು ವೇಗಕ್ಕೆ ಬಿಡಬೇಕೋ ಗುಣಕ್ಕೆ ಬಿಡಬೇಕೋ ಎಂದು ಆರಿಸುವ ಜಾಗ ಒಂದಿದೆ. ಹೊಸದಾಗಿ ಹಾಕಿದಾಗ ಅದು ತಾನಾಗಿಯೇ ವೇಗದ ಕಡೆ ವಾಲಿರುತ್ತದೆ. ನಾನು ಅದನ್ನು ಮುಟ್ಟಿ ನೋಡಿದವನೇ ಅಲ್ಲ. ನಿಂತ ಚಿತ್ರ ಚೆಂದ ಕಂಡಮೇಲೆ ಮುಟ್ಟುವುದು ಯಾಕೆ? ತಮ್ಮನಿಗೆ ಗೊತ್ತಿತ್ತು. ಕುದಿ ಕಂಡವನಿಗೇ ಅಲ್ಲವೆ ಅದನ್ನು ಇಳಿಸುವ ದಾರಿಯೂ ಗೊತ್ತಿರುವುದು.

"ಕೂಡು" ಎಂದು ಅಕ್ಕೋರು ಕುರ್ಚಿ ಬಿಟ್ಟು ಎದ್ದರು. "ನಿಮ್ಮಣ್ಣನ ಮಷೀನ್ ಸುಧಾರಸು."

ತಮ್ಮ ನನ್ನ ಮಷೀನಿನ ಮುಂದೆ ಕೂತ. ಒಂದೆರಡು ಕಡೆ ಒತ್ತಿದ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ:

"ಅಣ್ಣ, ರೀಸ್ಟಾರ್ಟ್ ಮಾಡ್ಲೇನು?"

ಅಷ್ಟು ವರ್ಷಗಳ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. "ಮಾಡು" ಅಂದೆ.

ಮತ್ತೆ ಶುರುವಾದಾಗ ವೇಗ ಒಂದು ಎಳೆ ಇಳಿದಿತ್ತು, ದಾರಿ ತಣ್ಣಗಾಗಿತ್ತು. ಎರಡು ಪರದೆಗಳಲ್ಲಿ ಯಾವುದು ಯಾರದೆಂದು ನಾನೇ ಹೇಳಲಾರದವನಾದೆ. ಅಕ್ಕೋರು ಕೌದಿ ತೆಗೆದು ಝಾಡಿಸಿ ಮಡಚಿದರು. ಸೆಟ್ಟಿಂಗ್ ಮುಟ್ಟದೆಯೂ ತಣ್ಣಗಿದ್ದದ್ದು ತಮ್ಮನದು, ಅದೇ ಇರಲಿ ಅಂದರು. ಆರ್ಡರು ಅವನಿಗೆ ಹೋಯಿತು. ನನಗೆ ಸಂಕಟವಾಗಲಿಲ್ಲ ಅಂತ ಹೇಳಿದರೆ ನೀವು ನಂಬಬೇಡಿ. ಹೊಸ್ತಿಲು ದಾಟುವಾಗ ಅಕ್ಕೋರು ನನ್ನ ಭುಜ ಹಿಡಿದು ಇಳಿದರು. "ಅಷ್ಟು ಮಷೀನ್ ಜೋಡಸಾಕ ಒಬ್ಬನ ಕೈ ಸಾಲಂಗಿಲ್ಲೋ. ನಾಳಿಗಿ ಬರ್ತೇನಿ ಅಂತ ಹೇಳಿ ಬಾ, ಹೋಗು." ನಾನು ತಿರುಗಿ ಹೋಗಿ ಹೇಳಿದೆ. ಅವನು ತಲೆ ಎತ್ತದೆ, "ಸ್ಕ್ರೂಡ್ರೈವರ್ ನಿಂದ ತಾ, ನನ್ನದರ ಮೂತಿ ಸವದದ" ಅಂದ.

ಅಂದಿನಿಂದ ಅಕ್ಕೋರ ಕಂಪ್ಯೂಟರ್ ಕೆಟ್ಟಾಗ ಇಬ್ಬರೂ ಕೂಡಿಯೇ ಹೋಗುತ್ತಿದ್ದೆವು. ವಿಚಿತ್ರವೆಂದರೆ, ಅದು ಮೊದಲಿಗಿಂತ ಹೆಚ್ಚು ಕೆಡತೊಡಗಿತು. ಹೋಗಿ ನೋಡಿದರೆ ವೈರ್ ಕಿತ್ತಿರುತ್ತಿತ್ತು, ಇಲ್ಲವೆ ಸ್ವಿಚ್ಚೇ ಹಾಕಿರುತ್ತಿರಲಿಲ್ಲ. "ಹೌದಾ? ನನಗೇನು ತಿಳೀತದಪ್ಪ" ಎಂದು ಅಕ್ಕೋರು ಅಡುಗೆಮನೆಗೆ ನಡೆಯುತ್ತಿದ್ದರು. ಆಟದೊಳಗಿನ ಹವೆ ಬದಲಿಸಿ ಮಳೆ ತರಿಸಿದವರಿಗೆ ಸ್ವಿಚ್ಚು ತಿಳಿಯುವುದಿಲ್ಲವಂತೆ! ಬಿಸಿ ಜ್ವಾಳದ ರೊಟ್ಟಿ, ಪುಂಡಿ ಪಲ್ಯ ಬರುತ್ತಿತ್ತು. ಇಬ್ಬರಿಗೂ ಕೂಡಿ ಒಂದೇ ತಾಟು. ಬೇರೆ ತಾಟು ಕೇಳಿದರೆ, "ತಿಕ್ಕೋರು ಯಾರು?" ಅನ್ನುತ್ತಿದ್ದರು.

ಉಣ್ಣುವಾಗಲೂ ನಾವು ಕಾರ್ಡಿನ ಮಾತೇ ಆಡುತ್ತಿದ್ದೆವು, ಜಗಳವನ್ನೇ ಆಡುತ್ತಿದ್ದೆವು ಅನ್ನಿ. ಈಗಲೂ ಆಡುತ್ತೇವೆ. ವಿಡಿಯೋ ಮತ್ತೆ ಶುರು ಮಾಡಿದ್ದೇವೆ. ಹೊಸ ಕಾರ್ಡು ಬಂದಾಗ ಡಬ್ಬಿಗೆ ಕೌದಿ ಹೊದಿಸಿ, ನಡೆದಾಡಿ, ಆಮೇಲೆ ಮಾತಾಡುತ್ತೇವೆ. ನೋಡುವವರು ಇದೇನು ಕೌದಿ ಎಂದು ನಗುತ್ತಾರೆ. ನಗಲಿ.

ನಿಂಬರ್ಗಾದ ಅವರ ಹೊಲದಲ್ಲಿ ಮಣ್ಣು ಕೊಟ್ಟು ಬಂದ ಕೆಲವು ದಿನಕ್ಕೆ ಅಕ್ಕೋರ ಮಗಳು ಫೋನ್ ಮಾಡಿದಳು. ಕಂಪ್ಯೂಟರ್ ಒಯ್ಯಿರಿ, ಇಬ್ಬರೂ ಕೂಡಿ ಬರ್ರಿ ಅಂತ ಅವ್ವ ಹೇಳಿ ಹೋಗ್ಯಾಳ ಅಂದಳು. ಹೋದೆವು. ಬಿಚ್ಚುವ ಮೊದಲು ಒಮ್ಮೆ ಹಾಕಿ ನೋಡೋಣವೆಂದು ತಮ್ಮ ಸ್ವಿಚ್ ಒತ್ತಿದ. ಯಾವ ವೈರೂ ಕಿತ್ತಿರಲಿಲ್ಲ. ಅಕ್ಕೋರು ಕಡೆಯ ಸಲ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಆಟ ತೆರೆಯಿತು. ಅದೇ ಬಯಲು, ಅದೇ ಕಲ್ಲುದಾರಿ. ಕುದುರೆ ಹಿಂದೆಲ್ಲೋ ಮೇಯುತ್ತಿತ್ತು. ಆಟದೊಳಗಿನ ಅವರ ಆಳು ದಾರಿಯ ನಡುವೆ, ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದ.

ತಮ್ಮ ಕಂಟ್ರೋಲರ್ ಕೈಗೆತ್ತಿಕೊಂಡ. ಅಕ್ಕೋರು ಹಿಡಿದು ಹಿಡಿದು ಅದರ ಬದಿ ನುಣುಪಾಗಿತ್ತು.

"ಅಣ್ಣ, ನಡಸ್ಲೇನು?"

"ನಡಸು. ನಿಂತು ನೋಡಿದ್ರ ತಿಳಿಯಂಗಿಲ್ಲ."

ಅವನು ನಡೆಸಿದ. ಕಾಲಡಿಯ ಹರಳು ಒಂದೊಂದಾಗಿ ಹಿಂದೆ ಸರಿದವು. ಮುಂದಿನ ದಾರಿ ಎಲ್ಲೂ ಕುದಿಯಲಿಲ್ಲ. ಹೊಸದಾಗಿ ಸಾರಿಸಿದ ಅಂಗಳದಂತೆ ತಣ್ಣಗೆ ಮಲಗಿತ್ತು. ಗುಡ್ಡ ನುಣ್ಣಗಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಕ್ಕೋರ ಮಗಳು ತಾಟು ತಂದು ನಮ್ಮ ನಡುವೆ ಇಟ್ಟಳು, ಒಂದೇ ತಾಟು.

"ಏಳ್ರಿ, ರೊಟ್ಟಿ ಆರ್ತಾವ" ಅಂದಳು.

"ಬಂದಿವಿ ಯಕ್ಕಾ" ಅಂದ ತಮ್ಮ, ಕಣ್ಣು ಪರದೆಯಲ್ಲೇ ಇಟ್ಟು. "ಆ ಗುಡ್ಡದ ತನಕ ಹೋಗಿ ಬರ್ತೇವಿ."